ಇನ್ನೂರು ನೋಟ್‌ಬುಕ್‌ಗಳ ಭಾರ

ಪ್ರಶ್ನೆ: ನಾನು 12 ವರ್ಷಗಳಿಂದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ಐದು ವಿಭಾಗಗಳಲ್ಲಿ ಒಟ್ಟು 200 ಮಕ್ಕಳಿದ್ದಾರೆ. ನೋಟ್‌ಬುಕ್‌ಗಳ ಕಟ್ಟು ದಿನವೂ ನನ್ನೊಂದಿಗೆ ಮನೆಗೆ ಬರುತ್ತದೆ; ಮಲಗಿದ ಮೇಲೂ ತರಗತಿಯದೇ ಯೋಚನೆ. ಕಳೆದ ವಾರ, ಪೆನ್ನು ಕೆಳಗೆ ಬೀಳಿಸಿದ ಒಂದೇ ಕಾರಣಕ್ಕೆ ಹುಡುಗನೊಬ್ಬನ ಮೇಲೆ ರೇಗಿ ಕೂಗಾಡಿಬಿಟ್ಟೆ. ಧ್ಯಾನ ಮಾಡಿ, ಸರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಈ ವೃತ್ತಿಗೆ ತಕ್ಕವಳಲ್ಲವೇ?

ಉತ್ತರ: ನೀವು ಗಣಿತದ ಶಿಕ್ಷಕಿಯಾಗಿದ್ದೂ ನಿಮ್ಮದೇ ಪತ್ರದಲ್ಲಿರುವ ಲೆಕ್ಕವನ್ನು ಮಾಡಿದಂತೆ ಕಾಣುವುದಿಲ್ಲ. ಒಂದು ನೋಟ್‌ಬುಕ್ಕಿಗೆ 3 ನಿಮಿಷವೆಂದರೂ ಒಂದು ಸುತ್ತಿಗೆ 600 ನಿಮಿಷ, ಅಂದರೆ 10 ಗಂಟೆ ಬೇಕು. ಪಾಠದ ತಯಾರಿ, ಪ್ರಶ್ನೆಪತ್ರಿಕೆ, ಪೋಷಕರ ಭೇಟಿ ಇವೆಲ್ಲ ಅದರ ಹೊರಗಿನವು. ಈ ಹತ್ತು ಗಂಟೆಗಳನ್ನು ಯಾವ ಧ್ಯಾನವೂ ಒಂಬತ್ತು ಮಾಡಲಾರದು. ಮನೋವಿಜ್ಞಾನಿಗಳಾದ ಲಜಾರಸ್ ಮತ್ತು ಫೋಕ್‌ಮನ್ 1984ರಲ್ಲಿ ಒತ್ತಡವನ್ನು ಎದುರಿಸುವ ಎರಡು ಬಗೆಗಳನ್ನು ಗುರುತಿಸಿದರು: ಒತ್ತಡ ತರುವ ಸಂಗತಿಯನ್ನೇ ಬದಲಿಸಲು ಯತ್ನಿಸುವುದು ಒಂದು, ಅದರಿಂದ ಏಳುವ ಭಾವನೆಗಳನ್ನು ಹತೋಟಿಗೆ ತಂದುಕೊಳ್ಳುವುದು ಇನ್ನೊಂದು. ಶಿಕ್ಷಕರಿಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವು, ಏಕೆಂದರೆ ಹಾಗೆ ಹೇಳಿದರೆ ಸಲಹೆ ಕೊಡುವವರು ಏನನ್ನೂ ಬದಲಿಸಬೇಕಾಗಿಲ್ಲ.

ಆದ್ದರಿಂದ ಕಟ್ಟಿನಿಂದಲೇ ಆರಂಭಿಸಿ. ಪ್ರತಿ ವಿಭಾಗದಿಂದ ವಾರಕ್ಕೆ 8 ನೋಟ್‌ಬುಕ್‌ಗಳನ್ನು ಮಾತ್ರ ಸರದಿಯಂತೆ ತೆಗೆದುಕೊಳ್ಳಿ. 40 ನೋಟ್‌ಬುಕ್‌ಗಳಿಗೆ 2 ಗಂಟೆ ಸಾಕು, ಐದು ವಾರಗಳಲ್ಲಿ ಎಲ್ಲರ ಸರದಿಯೂ ಬರುತ್ತದೆ. ತಿದ್ದುವಾಗ ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡು, ಪದೇ ಪದೇ ಕಾಣುವ ತಪ್ಪುಗಳನ್ನು ಬರೆದುಕೊಳ್ಳಿ. ಸಮೀಕರಣದ ಒಂದು ಬದಿಯಿಂದ ಇನ್ನೊಂದು ಬದಿಗೆ ಪದವನ್ನು ಒಯ್ಯುವಾಗ ಚಿಹ್ನೆ ಬದಲಿಸಲು ಮರೆಯುವ ತಪ್ಪನ್ನು ಮೂವತ್ತು ನೋಟ್‌ಬುಕ್‌ಗಳಲ್ಲಿ ಕೆಂಪು ಶಾಯಿಯಿಂದ ತಿದ್ದುವುದಕ್ಕಿಂತ, ಕಪ್ಪುಹಲಗೆಯ ಮೇಲೆ ಒಮ್ಮೆ ಬರೆದು, ತಪ್ಪು ಎಲ್ಲಿದೆ ಎಂದು ಮಕ್ಕಳಿಂದಲೇ ಹುಡುಕಿಸುವುದು ಲೇಸು. ಉಳಿದ ದಿನಗಳ ಮನೆಗೆಲಸವನ್ನು ಮಕ್ಕಳೇ ಉತ್ತರ ನೋಡಿ ತಿದ್ದಿಕೊಳ್ಳಲಿ. ಎಲ್ಲ ನೋಟ್‌ಬುಕ್‌ಗಳ ಮೇಲೂ ಸಹಿ ಇರಲೇಬೇಕೆಂಬ ನಿಯಮ ನಿಮ್ಮ ಶಾಲೆಯಲ್ಲಿದ್ದರೆ, ಈ ಲೆಕ್ಕವನ್ನೇ ಕಾಗದದಲ್ಲಿ ಬರೆದುಕೊಂಡು, ಅದೇ ತೊಂದರೆಯಲ್ಲಿರುವ ಒಂದಿಬ್ಬರು ಸಹೋದ್ಯೋಗಿಗಳೊಡನೆ ಮುಖ್ಯಶಿಕ್ಷಕರನ್ನು ಕಾಣಿರಿ. ಒಬ್ಬರೇ ಹೋದರೆ ಅದು ದೂರಿನಂತೆ ಕೇಳಿಸುತ್ತದೆ.

ಇನ್ನು ಆ ಹುಡುಗನ ಸಂಗತಿ. ಜೇಕಬ್ ಕೂನಿನ್ ಎಂಬ ಅಮೆರಿಕದ ಸಂಶೋಧಕರು ತರಗತಿಗಳ ವಿಡಿಯೊ ಚಿತ್ರೀಕರಣಗಳನ್ನು ಪರಿಶೀಲಿಸಿ 1970ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತರಗತಿಯನ್ನು ಚೆನ್ನಾಗಿ ನಡೆಸುವವರಿಗೂ ಪರದಾಡುವವರಿಗೂ ಇರುವ ವ್ಯತ್ಯಾಸ ಗದರಿಸುವ ರೀತಿಯಲ್ಲಿರಲಿಲ್ಲ. ಗದ್ದಲ ಬೆಳೆಯುವ ಮೊದಲೇ ಅದನ್ನು ಗಮನಿಸಿದ್ದೇವೆಂದು ಮಕ್ಕಳಿಗೆ ತಿಳಿಯುವಂತೆ ಇರುವುದರಲ್ಲಿತ್ತು. ಸುಮ್ಮನೆ ಆ ಬೆಂಚಿನ ಬಳಿ ಹೋಗಿ ನಿಂತು ಪಾಠ ಮುಂದುವರಿಸಿದರೆ ಗಂಟಲೂ ಉಳಿಯುತ್ತದೆ. ಆದರೆ ನಿದ್ದೆಗೆಟ್ಟ ಕಣ್ಣಿಗೆ ಅಂಥ ಗಮನ ಬರುವುದು ಕಷ್ಟ. ಸಿಟ್ಟು ಏರುತ್ತಿದೆ ಅನಿಸಿದಾಗ ಹಲಗೆಯತ್ತ ತಿರುಗಿ ದಿನಾಂಕವನ್ನೋ ಶೀರ್ಷಿಕೆಯನ್ನೋ ಬರೆಯುತ್ತ, ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ. ಉಸಿರು ಹೊರಹೋಗುವಾಗ ಹೃದಯದ ಬಡಿತ ಸಹಜವಾಗಿಯೇ ತುಸು ನಿಧಾನವಾಗುತ್ತದೆ. ಆ ಹುಡುಗನನ್ನು ಬೇರೆಯಾಗಿ ಕರೆದು, "ಅವತ್ತು ನಾನು ಅಷ್ಟು ಕೂಗಬಾರದಿತ್ತು ಕಣಪ್ಪ" ಎಂದು ಹೇಳಿಬಿಡಿ. ಇದರಿಂದ ನಿಮ್ಮ ಗೌರವಕ್ಕೆ ಕುಂದು ಬರುವುದಿಲ್ಲ.

ಮಲಗಿದ ಮೇಲೂ ಕಾಡುವ ತರಗತಿಯ ಯೋಚನೆಗೆ ಒಂದು ಉಪಾಯ: ಸಂಜೆ ಹೊರಡುವ ಮೊದಲು, ಮರುದಿನ ಮೊದಲು ಮಾಡಬೇಕಾದ ಮೂರು ಕೆಲಸಗಳನ್ನು ಚೀಟಿಯಲ್ಲಿ ಬರೆದು ಮೇಜಿನ ಖಾನೆಯಲ್ಲೇ ಬಿಟ್ಟು ಬನ್ನಿ.

ವೃತ್ತಿಗೆ ತಕ್ಕವಳಲ್ಲವೇ ಎಂದು ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕಾರವಾದ ತನ್ನ ರೋಗವರ್ಗೀಕರಣದಲ್ಲಿ ಇಂಥ ಬಳಲಿಕೆಯನ್ನು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದೇ ಕರೆದಿದೆ, ಕಾಯಿಲೆಯೆಂದಲ್ಲ. ಶಕ್ತಿ ಬತ್ತುವುದು, ಕೆಲಸದ ಬಗ್ಗೆ ತಾತ್ಸಾರ ಮೂಡುವುದು, ತನ್ನಿಂದ ಏನೂ ಆಗುತ್ತಿಲ್ಲ ಅನಿಸುವುದು ಅದರ ಮೂರು ಲಕ್ಷಣಗಳು. ಹುಡುಗನ ಬಗ್ಗೆ ಇನ್ನೂ ಯೋಚಿಸುತ್ತಿರುವ ನಿಮ್ಮಲ್ಲಿ ಎರಡನೆಯದು ನನಗೆ ಕಾಣಲಿಲ್ಲ. ಆದರೆ ರಜೆಯಲ್ಲೂ ಯಾವುದರಲ್ಲೂ ಆಸಕ್ತಿಯಿಲ್ಲದೆ, ಮಂಕುತನ ಎರಡು ವಾರ ಮೀರಿ ಉಳಿದರೆ ವೈದ್ಯರನ್ನು ಕಾಣಲೇಬೇಕು. ಬದುಕೇ ಬೇಡವೆನಿಸಿದರೆ ಅದೇ ದಿನ.

ಪ್ರಶ್ನೆ: ಶಾಲೆಯ ವಾಟ್ಸ್‌ಆಪ್ ಗುಂಪಿನಲ್ಲಿ ರಾತ್ರಿ ಹತ್ತಕ್ಕೂ ಸೂಚನೆಗಳು ಬರುತ್ತವೆ. ನೋಡದಿದ್ದರೆ ತಪ್ಪಾಗುತ್ತದೆಂಬ ಭಯ. ಏನು ಮಾಡಲಿ?

ಉತ್ತರ: ಗುಂಪಿನ ಸದ್ದನ್ನು ನಿಲ್ಲಿಸಿ, ಸಂಜೆ ಏಳಕ್ಕೊಮ್ಮೆ, ಬೆಳಿಗ್ಗೆ ಹೊರಡುವ ಮುನ್ನ ಇನ್ನೊಮ್ಮೆ ನೋಡಿರಿ. ಇದನ್ನು ಗುಟ್ಟಾಗಿ ಮಾಡಬೇಡಿ. ತುರ್ತಿದ್ದರೆ ಕರೆ ಮಾಡಬೇಕೆಂದು ಮುಖ್ಯಶಿಕ್ಷಕರಿಗೆ ಮೊದಲೇ ವಿನಯದಿಂದ ತಿಳಿಸಿಬಿಡಿ. ಎಷ್ಟು ಕರೆಗಳು ಬರುತ್ತವೆಂದು ಒಂದು ತಿಂಗಳು ಎಣಿಸಿ ನೋಡಿ, ನಮಗೂ ಬರೆಯಿರಿ.