ಅಜ್ಜಿಗೆ ಹೇಳೋ ಹಾಗೆ

ನಾನು ಆಪ್ತಸಲಹೆಗಾರ್ತಿ. ತಮ್ಮ ಇಂಗ್ಲಿಷಿನಿಂದಾಗಿ ‘ನಾನು ಒರಟು’ ಅಂತ ನಂಬಿಕೊಂಡು ನನ್ನ ಹತ್ತಿರ ಬಂದವರಲ್ಲಿ, ಎರಡು ವರ್ಷದಲ್ಲಿ ಈ ನರ್ಸ್ ನಾಲ್ಕನೆಯವರು. ಅದಕ್ಕೇ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಪಡೆದಿದ್ದೇನೆ. ಊರು, ವಯಸ್ಸು, ಕೆಲಸದ ಜಾಗ ಎಲ್ಲ ಬದಲಿಸಿದ್ದೇನೆ. ಇಲ್ಲಿ ಅವರನ್ನು ಸಿಸ್ಟರ್ ಅಂತಲೇ ಕರೆಯುತ್ತೇನೆ.

ಸಿಸ್ಟರ್ ಹಾಸನದ ಕಡೆಯವರು. ಕನ್ನಡ ಮಾಧ್ಯಮದಲ್ಲಿ ಓದಿ, ನರ್ಸಿಂಗ್ ಮುಗಿಸಿ, 11 ವರ್ಷ ವಾರ್ಡಿನಲ್ಲಿ ದುಡಿದವರು. ಇಂಗ್ಲೆಂಡಿಗೆ ಹೋಗಲು ಒಇಟಿ, ಅಂದರೆ ನರ್ಸ್, ಡಾಕ್ಟರ್ ಥರದವರಿಗೆ ಇರುವ ಇಂಗ್ಲಿಷ್ ಪರೀಕ್ಷೆ, ತೆಗೆದುಕೊಂಡಿದ್ದರು. ಮಾತಿನ ಭಾಗದಲ್ಲಿ 350 ಬರಬೇಕು. ಎರಡು ಸಲವೂ 320ಕ್ಕೆ ನಿಂತಿತ್ತು. ಆದರೆ ಅವರು ನನ್ನ ಹತ್ತಿರ ಬಂದದ್ದು ಅಂಕದ ಚಿಂತೆಗಲ್ಲ. ರಾತ್ರಿ ನಿದ್ದೆ ಇರಲಿಲ್ಲ. ರೋಗಿಗಳ ಹತ್ತಿರ ಮಾತಾಡಲೂ ಹಿಂಜರಿಕೆ ಶುರುವಾಗಿತ್ತು. ತಯಾರಿ ಮಾಡಿಸುತ್ತಿದ್ದವರು ಒಂದು ದಿನ ‘ನಿಮ್ಮ ಮಾತು ಒರಟು, ರೋಗಿಗೆ ಆರ್ಡರ್ ಮಾಡ್ತೀರಿ’ ಅಂದಿದ್ದರಂತೆ. ಆ ಮಾತು ಮನಸ್ಸಿಗೆ ನಾಟಿತ್ತು.

‘ಇಷ್ಟು ವರ್ಷ ಎಷ್ಟು ಜನಕ್ಕೆ ನೋವು ಮಾಡಿದೀನೋ ಮೇಡಂ’ ಅಂತ ಅತ್ತರು.

ಮೊದಲ ಮೂರು ಭೇಟಿ ನಿದ್ದೆಯ ವಿಷಯದಲ್ಲೇ ಕಳೆದವು. ನಾಲ್ಕನೇ ಸಲ ನಾನು ಪರೀಕ್ಷೆಯ ಕಾರ್ಡ್ ತರಲು ಹೇಳಿದೆ. ಒಇಟಿಯಲ್ಲಿ ಎರಡು ಪಾತ್ರಾಭಿನಯ ಇರುತ್ತವೆ. ಕೈಗೊಂದು ಕಾರ್ಡ್ ಕೊಡುತ್ತಾರೆ. 3 ನಿಮಿಷ ಯೋಚಿಸಿ, ಸುಮಾರು 5 ನಿಮಿಷ ರೋಗಿಯ ಜೊತೆ ಮಾತಾಡಬೇಕು. ಇವರು ತಂದ ಕಾರ್ಡಿನಲ್ಲಿ ಬಿಪಿ ಇರುವ, ಕಾಲು ಊದಿರುವ ವಯಸ್ಸಾದ ಹೆಂಗಸಿಗೆ ಉಪ್ಪು ಕಮ್ಮಿ ಮಾಡಲು ಹೇಳುವ ಕೆಲಸ ಇತ್ತು. ರೋಗಿ ನಾನೇ ಆದೆ.

‘ಯು ಮಸ್ಟ್ ರೆಡ್ಯೂಸ್ ಸಾಲ್ಟ್. ಯು ಹ್ಯಾಡ್ ಬೆಟರ್ ಸ್ಟಾಪ್ ಪಿಕಲ್ಸ್. ಯು ಶುಡ್ ವಾಕ್ ಡೈಲಿ.’

ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಸಿಸ್ಟರ್ ನೆಟ್ಟಗೆ ಕೂತಿದ್ದರು, ಎರಡೂ ಕೈ ಮಡಿಲಲ್ಲಿ. ಸುಮ್ನೆ ನಟಿಸುತ್ತಿದ್ದ ನಾನೇ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡೆ.

ಕಾರ್ಡ್ ಪಕ್ಕಕ್ಕಿಡಿ ಅಂದೆ. ‘ನಿಮ್ಮ ವಾರ್ಡಿಗೆ ಹಳ್ಳಿಯಿಂದ ಒಬ್ಬರು ಅಜ್ಜಿ ಬಂದಿದ್ದಾರೆ ಅಂದ್ಕೊಳ್ಳಿ. ಇದನ್ನೇ ಅವರಿಗೆ ಹೇಳಿ.’

ಅವರು ಮುಂದಕ್ಕೆ ಬಾಗಿದರು. ನನ್ನ ಮುಂಗೈ ಮೇಲೆ ಕೈಯಿಟ್ಟರು. ದನಿಯೇ ಬದಲಾಯಿತು. ‘ಅಜ್ಜಿ, ಕಾಲು ನೋಡಿ, ಹೆಂಗೆ ಊದ್ಕೊಂಡಿದೆ. ಉಪ್ಪಿನಕಾಯಿ ಇಲ್ದೆ ಊಟ ಸೇರಲ್ಲ, ಅಲ್ವಾ? ಪೂರ್ತಿ ಬಿಡೋದೇನೂ ಬೇಡ. ರಾತ್ರಿ ಊಟಕ್ಕೆ ಮಾತ್ರ ಬೇಡ ಅನ್ನೋಣ. ಒಂದು ವಾರ ನೋಡೋಣ. ಆಗಬಹುದಾ?’

ನಾನು ಅದನ್ನು ಹಾಗೇ ಬರೆದುಕೊಂಡು ಓದಿ ಹೇಳಿದೆ. ಇದರಲ್ಲಿ ‘ಬೇಕು’ ಅನ್ನೋ ಪದ ಎಲ್ಲಿದೆ ಹುಡುಕಿ ಅಂದೆ. ಅವರು ಹಾಳೆಯನ್ನು ಕೈಗೆ ತೆಗೆದುಕೊಂಡು ಬೆರಳಿಟ್ಟು ಹುಡುಕಿದರು. ಒಂದೂ ಇರಲಿಲ್ಲ. ಅಲ್ವಾ ಅಂತ ಒಂದು ಸಲ ಕೇಳಿದ್ದರು, ಆಗಬಹುದಾ ಅಂತ ಒಪ್ಪಿಗೆ ಕೇಳಿದ್ದರು, ‘ಅನ್ನೋಣ, ನೋಡೋಣ’ ಅಂತ ಅಜ್ಜಿಯ ಜೊತೆ ತಾವೂ ಸೇರಿಕೊಂಡಿದ್ದರು.

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ಇಂಗ್ಲಿಷಲ್ಲಿ ನನ್ನ ಹತ್ರ ಯಾರೂ ಹಿಂಗೆ ಮಾತಾಡೇ ಇಲ್ಲ ಮೇಡಂ. ಕ್ಲಾಸಲ್ಲಿ ಸ್ಟ್ಯಾಂಡ್ ಅಪ್, ಕೀಪ್ ಕ್ವೈಟ್. ವಾರ್ಡಲ್ಲಿ ಡೂ ದಿಸ್, ಡೂ ದಟ್. ನನಗೆ ಸಿಕ್ಕಿದ ಇಂಗ್ಲಿಷೇ ಅದು.’

ನಾನು ಆ ರಾತ್ರಿ ಮಲಗುವವರೆಗೂ ಇದನ್ನೇ ಯೋಚಿಸಿದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಇಂಗ್ಲಿಷ್ ಬಂದದ್ದು ಗದರಿಕೆಯ ರೂಪದಲ್ಲಿ. ಅವರ ಬಾಯಲ್ಲಿ ಅದೇ ವಾಪಸ್ ಬಂದರೆ ಅದು ಅವರ ಸ್ವಭಾವ ಆಗಿಬಿಡುತ್ತದೆಯೇ?

ಪದಗಳ ತೊಡಕೂ ಇದೆ. ಮಸ್ಟ್, ಶುಡ್, ಹ್ಯಾವ್ ಟು, ನೀಡ್ ಟು, ಆಟ್ ಟು, ಐದಕ್ಕೂ ನಾವು ಶಾಲೆಯಲ್ಲಿ ಬರೆದುಕೊಂಡ ಅರ್ಥ ಒಂದೇ: ‘ಬೇಕು’. ಕನ್ನಡದಲ್ಲಿ ಮರ್ಯಾದೆ ಬೇರೆ ಕಡೆ ಕೂತಿರುತ್ತದೆ. ‘ಮಾಡಿ’ ಅಂದಾಗಲೇ ಗೌರವ ಬಂತು. ಅಜ್ಜಿ ಅಂದಾಗ, ಸ್ವಲ್ಪ ಅಂದಾಗ ಇನ್ನಷ್ಟು ಬಂತು. ಇಂಗ್ಲಿಷಿಗೆ ದಾಟಿಸುವಾಗ ಅವೆಲ್ಲ ಉದುರಿ ಬರೀ ‘ಬೇಕು’ ಉಳಿಯುತ್ತದೆ. ಹ್ಯಾಡ್ ಬೆಟರ್ ಇನ್ನೂ ಮೋಸದ ಮಾತು. ಬೆಟರ್ ಇದೆಯಲ್ಲ, ‘ಮಾಡಿದರೆ ಒಳ್ಳೇದು’ ಅಂತಲೇ ಇರಬೇಕು ಅನಿಸುತ್ತದೆ. ಕೇಳುವವರಿಗೆ ‘ಇಲ್ಲದಿದ್ದರೆ ನೋಡ್ಕೋ’ ಅನ್ನೋ ಎಚ್ಚರಿಕೆ ಕೇಳಿಸುತ್ತದೆ.

ಹಾಗಾಗಿ ನಾನು ಕೊಟ್ಟ ಸಲಹೆ ಇದು. ಮೊದಲು ಕನ್ನಡದಲ್ಲಿ ಅಜ್ಜಿಗೆ ಹೇಳಿ. ಆಮೇಲೆ ಆ ಒಂದೊಂದು ಮೆತ್ತನೆಯ ತುಂಡಿಗೂ ಇಂಗ್ಲಿಷಿನಲ್ಲಿ ಜೋಡಿ ಹುಡುಕೋಣ. ‘ಕಷ್ಟ ಅಲ್ವಾ’ ಅನ್ನೋದಕ್ಕೆ ‘ಐ ಕ್ಯಾನ್ ಸೀ ದಿಸ್ ಈಸ್ ಹಾರ್ಡ್’. ‘ಮಾಡಿದರೆ ಅನುಕೂಲ’ ಅನ್ನೋದಕ್ಕೆ ‘ಇಟ್ ಮೈಟ್ ಹೆಲ್ಪ್ ಟು’. ‘ಆಗಬಹುದಾ’ ಅನ್ನೋದಕ್ಕೆ ‘ಡಸ್ ದಟ್ ಸೌಂಡ್ ಆಲ್‌ರೈಟ್?’ ‘ನೋಡೋಣ’ಕ್ಕೆ ‘ಶಲ್ ವೀ ಟ್ರೈ’. ‘ವೈ ಡೋಂಟ್ ಯು ವಾಕ್?’ ಮಾತ್ರ ಸದ್ಯಕ್ಕೆ ಬೇಡ ಅಂದೆ. ಇಂಗ್ಲಿಷಿನವರಿಗೆ ಅದು ಸಲಹೆ. ನಮ್ಮ ದನಿಯಲ್ಲಿ ‘ಯಾಕೆ ನಡೆಯಲ್ಲ?’ ಅನ್ನೋ ವಿಚಾರಣೆ ಆಗಿಬಿಡುತ್ತದೆ. ಅದರ ಬದಲು ‘ಹೌ ಅಬೌಟ್’ ಸಾಕು.

‘ಎಲ್ಲಾದಕ್ಕೂ ಮೈಟ್ ಮೈಟ್ ಅಂತಿದ್ರೆ ಎದೆನೋವು ಬಂದೋರ ಗತಿಯೇನು ಮೇಡಂ?’ ಅಂತ ಸಿಸ್ಟರ್ ಕೇಳಿದರು. ಹನ್ನೊಂದು ವರ್ಷದ ಅನುಭವದ ಪ್ರಶ್ನೆ ಅದು, ನನಗೆ ಖುಷಿಯಾಯಿತು. ಜೀವಕ್ಕೆ ಅಪಾಯ ಇದ್ದಲ್ಲಿ ‘ಯು ನೀಡ್ ಟು ಕಮ್ ಟು ಹಾಸ್ಪಿಟಲ್ ಸ್ಟ್ರೇಟ್ ಅವೇ’ ಅಂತ ನೇರವಾಗಿಯೇ ಹೇಳಬೇಕು. ಇನ್ನೊಂದು ಮಾತೂ ಸೇರಿಸಿದೆ. ಅಲ್ಲಿ ಮೇಲಿನವರು ‘ಯು ಮೈಟ್ ವಾಂಟ್ ಟು ಚೆಕ್ ದಟ್’ ಅಂದರೆ, ಇಷ್ಟ ಇದ್ದರೆ ನೋಡು ಅಂತ ತಿಳಿಯಬೇಡಿ. ಈಗಲೇ ನೋಡಿ ಅಂತಲೇ ಹೆಚ್ಚಾಗಿ ಅದರ ಅರ್ಥ.

ಜೊತೆಯಲ್ಲಿ ಕೆಲಸ ಮಾಡುವ ಒಬ್ಬರು ‘ಇದು ಇಂಗ್ಲಿಷ್ ಪಾಠ, ಆಪ್ತಸಲಹೆ ಅಲ್ಲ’ ಅಂದರು. ನಾನು ಒಪ್ಪುವುದಿಲ್ಲ. ಪಾಠಕ್ಕೆ ಕಳಿಸಿದ್ದರೆ ಅವರು ಇನ್ನಷ್ಟು ವಾಕ್ಯ ಬಾಯಿಪಾಠ ಮಾಡುತ್ತಿದ್ದರು, ‘ನಾನು ಒರಟು’ ಅನ್ನೋ ನಂಬಿಕೆ ಹಾಗೇ ಉಳಿಯುತ್ತಿತ್ತು. ಅದೂ ಅಲ್ಲದೆ, ಸಲಹೆಗೆ ಮುಂಚೆ ಒಪ್ಪಿಗೆ ಕೇಳು, ಅವರಿಗೆ ಏನು ಗೊತ್ತಿದೆ ಕೇಳು, ಸ್ವಲ್ಪ ಹೇಳು, ಮತ್ತೆ ಅವರಿಗೆ ಏನನಿಸಿತು ಕೇಳು ಅನ್ನೋದು ನಮ್ಮ ವೃತ್ತಿಯದೇ ಪಾಠ. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರಾಲ್ನಿಕ್ ಬೆಳೆಸಿದ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್, ಅಂದರೆ ಬದಲಾಗುವ ಮನಸ್ಸನ್ನು ಅವರ ಮಾತಿನಿಂದಲೇ ಹೊರತರುವ ಆಪ್ತಸಲಹೆಯ ಪದ್ಧತಿಯಲ್ಲಿ ಇದನ್ನೇ ಕಲಿಸುತ್ತಾರೆ. ನಾನು ತರಬೇತಿಯಲ್ಲಿ ಕಲಿತದ್ದನ್ನು ಸಿಸ್ಟರ್ ಅಜ್ಜಿಯ ಮುಂದೆ ತಾನಾಗಿಯೇ ಮಾಡಿದ್ದರು. ಅದನ್ನು ಅವರಿಗೆ ತೋರಿಸುವುದು ನನ್ನ ಕೆಲಸವೇ.

ಕಳೆದ ವಾರ ಸಿಸ್ಟರ್ ಫೋನಿನಲ್ಲಿ ಒಂದು ರೆಕಾರ್ಡಿಂಗ್ ಕೇಳಿಸಿದರು. ಮನೆಯಲ್ಲಿ ಮಾಡಿದ ಅಭ್ಯಾಸ: ಅವರ ತಮ್ಮನದು ರೋಗಿಯ ಪಾತ್ರ, ಇವರದು ನರ್ಸ್ ಪಾತ್ರ. ತಮ್ಮ ಬೇಕಂತಲೇ ‘ಐ ವಿಲ್ ನಾಟ್ ಸ್ಟಾಪ್ ಬೀಡಿ’ ಅಂತ ಹಟ ಮಾಡುತ್ತಾನೆ. ಮೊದಲಾಗಿದ್ದರೆ ತಕ್ಷಣ ಯು ಮಸ್ಟ್ ಬರುತ್ತಿತ್ತು. ಇಲ್ಲಿ ಸ್ವಲ್ಪ ಹೊತ್ತು ಬರೀ ಫ್ಯಾನಿನ ಸದ್ದು. ಆಮೇಲೆ ಸಿಸ್ಟರ್ ದನಿ, ಅಜ್ಜಿಯ ಹತ್ತಿರ ಮಾತಾಡಿದ ಅದೇ ದನಿ: ‘ಓಕೆ. ವುಡ್ ಯು ಟೆಲ್ ಮೀ ವಾಟ್ ಮೇಕ್ಸ್ ಇಟ್ ಹಾರ್ಡ್?’