ಗೋಜೋದಲ್ಲಿ ಬೇಸರ ಆಗುತ್ತದಾ?

ಮಾಲ್ಟಾ ದೇಶದ ಗೋಜೋ ದ್ವೀಪದಲ್ಲಿ, ವಿಕ್ಟೋರಿಯಾ ಊರಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಪ್ರವಾಸಿಗರು ಹೋದ ಮೇಲೆ ಅಲ್ಲಿ ಏನಿರುತ್ತದೆ ಅಂತ ಕೇಳಿದ್ದೀರಿ. ಧೈರ್ಯವಾಗಿ ಬನ್ನಿ. ಇದು ಕೈಕೆಲಸದ ಊರು. ನನಗೆ ಈ ಜಾಗ ಹಿಡಿಸಿದ್ದೇ ಅದಕ್ಕೆ.

1887ರಲ್ಲಿ ಬ್ರಿಟಿಷರು ಈ ಊರಿಗೆ ತಮ್ಮ ರಾಣಿ ವಿಕ್ಟೋರಿಯಾಳ ಹೆಸರಿಟ್ಟರು. ಊರಿನವರು ಇಂದಿಗೂ ರಬಾತ್ ಅಂತಲೇ ಕರೆಯುತ್ತಾರೆ. ದ್ವೀಪದ ಬಸ್ಸುಗಳಿಗೆಲ್ಲ ಇದೇ ನಡುಮನೆ, ಹಾಗಾಗಿ ಬಾಡಿಗೆ ಮನೆಯನ್ನು ಊರೊಳಗೇ ನೋಡಿ.

ಬಂದ ಮೇಲೆ ಮೊದಲು ಕಡಲ ದಂಡೆಯ ಊರು ಮಾರ್ಸಲ್‌ಫೋರ್ನ್ ದಾಟಿ ಶ್ವೇನಿಯ ಉಪ್ಪಿನ ಮಡಿಗಳಿಗೆ ಹೋಗಿ. ಕಡಲ ದಂಡೆಯ ಮೆತ್ತನೆ ಸುಣ್ಣದ ಕಲ್ಲಿನಲ್ಲೇ ಚೌಕಚೌಕವಾಗಿ ಕೊರೆದಿದ್ದಾರೆ. ದೊಡ್ಡ ಮಡಿಯಲ್ಲಿ ಸಮುದ್ರದ ನೀರು ಬಿಸಿಲಿಗೆ ಕಾಯುತ್ತದೆ, ಅಲ್ಲಿಂದ ಚಿಕ್ಕ ಮಡಿಗೆ ಬಿಡುತ್ತಾರೆ. ನೀರು ಆರಿದ ಮೇಲೆ ಪೊರಕೆಯಲ್ಲಿ ಗುಡಿಸಿ ರಾಶಿ ಮಾಡುತ್ತಾರೆ. ನಮ್ಮ ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಜೂನ್ ಮಳೆಗೆ ಉಪ್ಪಿನ ಕೆಲಸ ನಿಲ್ಲುತ್ತದೆ, ಅಲ್ವಾ? ಇಲ್ಲಿ ಆಗಲೇ ಸುಗ್ಗಿ, ಮೇನಿಂದ ಸೆಪ್ಟೆಂಬರ್‌ವರೆಗೆ. ಇಲ್ಲಿ ಮಳೆಗಾಲ ಬರುವುದು ಚಳಿಯ ಜೊತೆಗೆ. ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಿದ್ದರೆ ಮಡಿಯ ಉಪ್ಪೆಲ್ಲ ಕರಗಿ ಹೋಗುತ್ತದೆ. ದಯವಿಟ್ಟು ಫೋಟೋಗಾಗಿ ಮಡಿಯೊಳಗೆ ಕಾಲಿಡಬೇಡಿ. ಅದು ಒಂದು ಮನೆಯವರ ಅನ್ನ. ಅವರ ಹತ್ತಿರವೇ ಉಪ್ಪು ಕೊಳ್ಳಿ. ಇಲ್ಲಿ ನಿಂಬೆ ಚೆನ್ನಾಗಿ ಸಿಗುತ್ತದೆ, ಆ ಕಲ್ಲುಪ್ಪಿನಲ್ಲಿ ಉಪ್ಪಿನಕಾಯಿ ಹಾಕಿದರೆ ಬಹಳ ಚೆನ್ನಾಗಿರುತ್ತದೆ.

ಇನ್ನೊಂದು, ಲೇಸ್, ಅಂದರೆ ದಾರದಲ್ಲಿ ಹೆಣೆದ ಜಾಲರಿ ಬಟ್ಟೆ. ಉದ್ದ ದಿಂಬಿನ ಮೇಲೆ ಸೂಜಿ ಚುಚ್ಚಿ, ದಾರ ಸುತ್ತಿದ ಪುಟ್ಟ ಕಡ್ಡಿಗಳನ್ನು ಅತ್ತಿತ್ತ ದಾಟಿಸುತ್ತಾ ಹೆಣೆಯುತ್ತಾರೆ. ಎಂಟು ಮೊನೆಯ ಮಾಲ್ಟಾ ಶಿಲುಬೆ ಇದರ ಗುರುತು. 19ನೇ ಶತಮಾನದ ಬಡತನದಲ್ಲಿ ಹೆಂಗಸರ ಈ ದುಡಿಮೆಯಿಂದಲೇ ಎಷ್ಟೋ ಮನೆಗಳ ಒಲೆ ಉರಿದಿದೆ. ಅಂಗಡಿಯಲ್ಲಿ ಯಂತ್ರದ ಲೇಸೂ ಇರುತ್ತದೆ. ಬೆಲೆ ತೀರಾ ಕಡಿಮೆಯಿದ್ದರೆ ಅದು ಕೈಯಲ್ಲಿ ಹೆಣೆದದ್ದಲ್ಲ. ದಿನಗಟ್ಟಲೆ ಕೂತು ಹೆಣೆದವರ ಹತ್ತಿರ ಚೌಕಾಸಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಕುರಿ ಹಾಲಿನ ಪುಟ್ಟ ಚೀಸ್, ಜ್ಬೇನಾ, ಪ್ರತಿ ಮನೆಯಲ್ಲೂ ಇರುತ್ತದೆ. ನೀವು ಸಸ್ಯಾಹಾರಿಯಾದರೆ ಹಾಲು ಹೆಪ್ಪಾಗಿಸಲು ಏನು ಹಾಕಿದ್ದಾರೆ ಅಂತ ಕೇಳಿ, ಹಳೆಯ ಪದ್ಧತಿಯಲ್ಲಿ ಮರಿಯ ಹೊಟ್ಟೆಯ ರೆನ್ನೆಟ್ ಬಳಸುತ್ತಾರೆ.

ಚಳಿಗಾಲಕ್ಕೆ ಮಾತ್ರ ಸಿದ್ಧವಾಗಿ ಬನ್ನಿ. ಕಲ್ಲಿನ ಮನೆಗಳು ಥಂಡಿ ಹಿಡಿಯುತ್ತವೆ. ಮಾಲ್ಟಾದ ಮುಖ್ಯ ದ್ವೀಪಕ್ಕೆ ಹೋಗುವ ಹಡಗು 25 ನಿಮಿಷದ್ದು, ಆದರೆ ಗಾಳಿ ಜಾಸ್ತಿಯಾದರೆ ನಿಲ್ಲಬಹುದು. ವಿಮಾನ ಹಿಡಿಯುವ ದಿನ ಇದು ನೆನಪಿರಲಿ.

ಆಸ್ಪತ್ರೆಯಲ್ಲಿ ಇಂಗ್ಲಿಷ್ ಸಾಕು. ಆದರೆ ವಯಸ್ಸಾದ ರೋಗಿಗಳಿಗೆ ಬೆಳಿಗ್ಗೆ ಮಾಲ್ಟೀಸ್‌ನಲ್ಲಿ ‘ಬೊಂಜು’ ಅನ್ನಿ, ಅವರ ಮುಖ ಅರಳುತ್ತದೆ. ಮುಖ್ಯವಾಗಿ, ಇಲ್ಲಿ ಇದ್ದು ದುಡಿಯಲು ಕೊಡುವ ನಿಮ್ಮ ಪರ್ಮಿಟ್ ಕೆಲಸ ಕೊಟ್ಟವರ ಹೆಸರಿಗೇ ಅಂಟಿಕೊಂಡಿರುತ್ತದೆ, ಕೆಲಸ ಬದಲಿಸಬೇಕಾದರೆ ಹೊಸದಾಗಿ ಅರ್ಜಿ ಹಾಕಬೇಕು. ಕರಾರನ್ನು ಪೂರ್ತಿ ಓದದೆ ಸಹಿ ಮಾಡಬೇಡಿ. ಅರ್ಥವಾಗದ ಸಾಲಿದ್ದರೆ ನನಗೆ ಕಳಿಸಿ, ಕೂತು ನೋಡೋಣ.