ಇಳಿಜಾರಿನ ಪಾಠ: ತಕ್ಕಡಿ ಬೇರೆಯೇ ಹೇಳಿದಾಗ

ಪ್ರಶ್ನೆ: ಮಕ್ಕಳಿಗೆ ಇಳಿಜಾರಿನ ಉಪಯೋಗ ತೋರಿಸಲು 90 ಸೆಂ.ಮೀ. ಉದ್ದದ ಹಲಗೆಯ ಒಂದು ತುದಿಯನ್ನು 45 ಸೆಂ.ಮೀ. ಎತ್ತರಿಸಿ, ಮರದ ತುಂಡೊಂದನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆಸಿದೆ. ನೇರವಾಗಿ ಎತ್ತಿದಾಗ 3.9 ನ್ಯೂಟನ್ ಬಂತು, ಹಲಗೆಯ ಮೇಲೆ ಎಳೆದಾಗ 4.3! ಇಳಿಜಾರಿನಿಂದ ಕೆಲಸ ಸುಲಭ ಎಂದು ಈಗ ಹೇಗೆ ಹೇಳಲಿ?

ಉತ್ತರ: ಇಂಥ ಫಲಿತಾಂಶ ಬರಲು ತಕ್ಕಡಿ ಕೆಟ್ಟಿರಬೇಕೆಂದೇನಿಲ್ಲ. ತುಂಡನ್ನು ಮೇಲಕ್ಕೆ ಎಳೆಯುವ ಕೈ ಎರಡನ್ನು ಎದುರಿಸಬೇಕು. ಒಂದು, ತೂಕದಲ್ಲಿ ಇಳಿಜಾರಿನುದ್ದಕ್ಕೂ ಕೆಳಕ್ಕೆ ಜಗ್ಗುವ ಪಾಲು. ನಿಮ್ಮ ಹಲಗೆಯಲ್ಲಿ ಎತ್ತರ ಉದ್ದದ ಅರ್ಧ, ಹಾಗಾಗಿ ಈ ಪಾಲೂ ತೂಕದ ಅರ್ಧ, ಸುಮಾರು 1.95 ನ್ಯೂಟನ್. ಉಳಿದ 2.35 ಘರ್ಷಣೆಯದು. ಒರಟು ಮರವನ್ನು ಒರಟು ಮರದ ಮೇಲೆ ಉಜ್ಜಿದರೆ ಇಷ್ಟು ಬರುವುದು ಅಸಹಜವಲ್ಲ. ಈ ಅಂಕಿಗಳನ್ನು ಅಳಿಸಬೇಡಿ, ಕರಿಹಲಗೆಯ ಮೂಲೆಯಲ್ಲಿ ಹಾಗೇ ಇರಲಿ.

ಈಗ ತುಂಡಿನ ಬದಲು ಸಲೀಸಾಗಿ ಉರುಳುವ ಚಕ್ರಗಳ ಗಾಡಿ ತೆಗೆದುಕೊಳ್ಳಿ. ಹೇರು ಸೇರಿ ಒಟ್ಟು 400 ಗ್ರಾಂ ಇರಲಿ, ಅಂದರೆ ತೂಕ 3.9 ನ್ಯೂಟನ್. 5 ನ್ಯೂಟನ್‌ವರೆಗೆ ಅಳೆಯುವ ತಕ್ಕಡಿ ಇದಕ್ಕೆ ಹದವಾಗಿದೆ. 50 ನ್ಯೂಟನ್‌ನದಾದರೆ ಮುಳ್ಳು ಅಲ್ಲಾಡಿದ್ದೂ ಗೊತ್ತಾಗದು. ಹಲಗೆಯ ತುದಿ 30 ಸೆಂ.ಮೀ. ಎತ್ತರಕ್ಕಿರಲಿ.

ಎಳೆಯುವಾಗ ತಪ್ಪುವುದು ಹೆಚ್ಚಾಗಿ ಇಲ್ಲೇ. ತಕ್ಕಡಿಯನ್ನು ನೇರ ತೂಗುಹಾಕಿ ಸೊನ್ನೆಗೆ ತಂದು, ಆಮೇಲೆ ಓರೆಯಾಗಿ ಹಿಡಿದರೆ ಕೊಕ್ಕೆಯ ಸ್ವಂತ ತೂಕ ಸ್ಪ್ರಿಂಗನ್ನು ಅಷ್ಟು ಎಳೆಯುವುದಿಲ್ಲ, ಮುಳ್ಳು ತೋರಿಸುವ ಓದು ಕಡಿಮೆ ಬರುತ್ತದೆ. ಆದ್ದರಿಂದ ಹಲಗೆಯ ಓರೆಯಲ್ಲೇ ಹಿಡಿದು ಸೊನ್ನೆ ಮಾಡಿಕೊಳ್ಳಬೇಕು. ದಾರ ಹಲಗೆಗೆ ಸಮಾನಾಂತರವಾಗಿರಬೇಕು. ಮಕ್ಕಳು ನಿಂತುಕೊಂಡು ಎಳೆಯುವುದರಿಂದ ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ, ಬಗ್ಗಿ ನೋಡಿ ತಿದ್ದಿ. ಗಾಡಿ ಹೊರಡುವ ಕ್ಷಣದ ಓದು ಲೆಕ್ಕಕ್ಕಿಲ್ಲ, ಅದು ಯಾವಾಗಲೂ ಜಾಸ್ತಿ. ನಿಧಾನವಾಗಿ ಒಂದೇ ವೇಗದಲ್ಲಿ ಸಾಗುತ್ತಿರುವಾಗ ಮುಳ್ಳು ಎಲ್ಲಿ ನಿಂತಿದೆಯೋ ಅದನ್ನೇ ಬರೆಯಿರಿ.

ಬಳಿಕ ಅದೇ ಗಾಡಿಯನ್ನು ತಡೆಹಿಡಿಯುತ್ತಾ ಒಂದೇ ವೇಗದಲ್ಲಿ ಕೆಳಕ್ಕೆ ಬಿಡಿ, ಆಗಲೂ ಓದಿ. ಮೇಲಕ್ಕೆ ಹೋಗುವಾಗ ಘರ್ಷಣೆ ನಿಮ್ಮ ವಿರುದ್ಧ, ಇಳಿಯುವಾಗ ನಿಮ್ಮ ಪರ. ಮೇಲಕ್ಕೆ 1.5, ಕೆಳಕ್ಕೆ 1.1 ಬಂದರೆ ಸರಾಸರಿ 1.3, ಅದು ಘರ್ಷಣೆ ಕಳೆದ ಬಲ, ತೂಕದ ಸರಿಯಾಗಿ ಮೂರನೇ ಒಂದು ಪಾಲು. ಘರ್ಷಣೆ ಎಷ್ಟೆಂದೂ ಸಿಕ್ಕಿತು, 0.2. ಇಡೀ ಪಾಠದಲ್ಲಿ ಇದಕ್ಕಿಂತ ಚೆಂದದ ಹಂತ ಬೇರೆ ಇಲ್ಲ. ಅವಸರ ಮಾಡದೆ ಪ್ರತಿ ಗುಂಪಿನಿಂದಲೂ ಮಾಡಿಸಿ. ತಾನಾಗಿ ಜಾರದ ಮರದ ತುಂಡಿನಲ್ಲಿ ಇದು ಸಾಧ್ಯವಿಲ್ಲ, ಗಾಡಿಯೇ ಬೇಕು.

ಪ್ರಶ್ನೆ: ಎಷ್ಟು ಹೇಳಿದರೂ ಉತ್ತರಪತ್ರಿಕೆಯಲ್ಲಿ ‘ಇಳಿಜಾರಿನಿಂದ ಕೆಲಸ ಕಡಿಮೆಯಾಗುತ್ತದೆ’ ಎಂದೇ ಬರೆಯುತ್ತಾರೆ.

ಉತ್ತರ: ಬಾಯಲ್ಲಿ ಹೇಳಿದ್ದು ಸಾಕು, ಬಲವನ್ನು ದೂರದಿಂದ ಗುಣಿಸಿ ನೋಡಲಿ, ಅದೇ ಕೆಲಸ. ನೇರ ಎತ್ತಿದರೆ 3.9 × 0.30 ಮೀಟರ್ = 1.17 ಜೂಲ್. ಘರ್ಷಣೆ ಕಳೆದ ಇಳಿಜಾರಿನಲ್ಲಿ 1.3 × 0.90 = 1.17, ಅಷ್ಟೇ. ನಿಜವಾಗಿ ಎಳೆದ ಬಲದಿಂದ ಲೆಕ್ಕ ಹಾಕಿದರೆ 1.5 × 0.90 = 1.35, ಅಂದರೆ ಕೆಲಸ ಕಡಿಮೆಯಾಗುವ ಮಾತು ಹಾಗಿರಲಿ, ಜಾಸ್ತಿಯೇ ಆಗಿದೆ. ಕಡಿಮೆಯಾದದ್ದು ಬಲ, ಅದಕ್ಕೆ ತೆತ್ತದ್ದು ದೂರ. ದಕ್ಷತೆ, ಅಂದರೆ ಮಾಡಿದ ಕೆಲಸದಲ್ಲಿ ಉಪಯೋಗಕ್ಕೆ ಬಂದ ಪಾಲು (1.17 ÷ 1.35), ಸುಮಾರು ಶೇ. 87.

ಇಲ್ಲೊಂದು ಎಚ್ಚರ. ಹಲಗೆಯ ತುದಿ ಪುಸ್ತಕಗಳಿಂದಾಚೆ ಚಾಚಿಕೊಂಡಿದ್ದರೆ ಪುಸ್ತಕದ ಎತ್ತರವೇ ಇಳಿಜಾರಿನ ಎತ್ತರ ಎಂದುಕೊಂಡು ಲೆಕ್ಕ ತಪ್ಪುತ್ತದೆ. ಗಾಡಿಯ ಮುಂದಿನ ಅಚ್ಚು ಹೊರಟಾಗ ಮೇಜಿನಿಂದ ಎಷ್ಟು ಮೇಲಿತ್ತು, ನಿಂತಾಗ ಎಷ್ಟು ಮೇಲಿದೆ ಎಂದು ಅಳೆದು ಕಳೆಯಿರಿ. ದೂರವನ್ನೂ ಅದೇ ಎರಡು ಜಾಗಗಳ ನಡುವೆಯೇ ಅಳೆಯಬೇಕು.

ಪ್ರಶ್ನೆ: ಶಾಲೆಯಲ್ಲಿ ಸ್ಪ್ರಿಂಗ್ ತಕ್ಕಡಿ ಇಲ್ಲ. ರಬ್ಬರ್ ಬ್ಯಾಂಡ್ ಆದೀತೆ?

ಉತ್ತರ: ಆದೀತು, ಆದರೆ ರಬ್ಬರ್ ಸ್ಪ್ರಿಂಗಿನಂತೆ ಸಮನಾಗಿ ಹಿಗ್ಗುವುದಿಲ್ಲ. ಆದ್ದರಿಂದ ಹಿಗ್ಗಿದ ಉದ್ದ ದುಪ್ಪಟ್ಟಾದರೆ ಬಲವೂ ದುಪ್ಪಟ್ಟು ಎಂದು ಲೆಕ್ಕ ಹಾಕಕೂಡದು. ಬ್ಯಾಂಡಿನ ಹಿಂದೆ ರಟ್ಟಿನ ಪಟ್ಟಿ ಇಟ್ಟು, ತುದಿಗೆ ಹಗುರ ಪ್ಲಾಸ್ಟಿಕ್ ಬಾಟಲಿ ತೂಗುಹಾಕಿ. 50 ಮಿ.ಲೀ.ನಂತೆ ನೀರು ಸುರಿಯುತ್ತಾ ಪ್ರತಿ ಸಲವೂ ಗೆರೆ ಎಳೆಯಿರಿ. ಒಂದೊಂದು ಗೆರೆಗೂ 0.49 ನ್ಯೂಟನ್. ಖಾಲಿ ಬಾಟಲಿ ತೂಗುವಾಗಿನ ಗೆರೆಯೇ ಸೊನ್ನೆ ಎಂದಿಟ್ಟುಕೊಂಡರೆ ಬಾಟಲಿಯ ತೂಕದಷ್ಟು ವ್ಯತ್ಯಾಸ ಉಳಿಯುತ್ತದೆ, ಅದನ್ನು ಕೂಡಿಸಿಕೊಳ್ಳಿ. ಹಳೆಯ, ಬಿರುಕುಬಿಟ್ಟ ಬ್ಯಾಂಡ್ ಬೇಡ.

ಪ್ರಶ್ನೆ: ಗಾಲಿಕುರ್ಚಿಯ ಇಳಿಜಾರಿಗೆ 1:12 ಎನ್ನುತ್ತಾರಲ್ಲ, ಅದನ್ನು ಪಾಠದಲ್ಲಿ ತರಬಹುದೇ?

ಉತ್ತರ: ಖಂಡಿತ ತನ್ನಿ. 1 ಮೀಟರ್ ಏರಲು ನೆಲದ ಮೇಲೆ 12 ಮೀಟರ್ ಚಾಚಬೇಕು ಎಂದರ್ಥ. ಕುರ್ಚಿ ಸೇರಿ 100 ಕೆ.ಜಿ. ಇದ್ದರೆ ತೂಕ ಸುಮಾರು 980 ನ್ಯೂಟನ್. ಘರ್ಷಣೆ ಬಿಟ್ಟರೆ ತಳ್ಳಲು ಸುಮಾರು 81 ಸಾಕು. ಈ 12 ನೆಲದ ಉದ್ದ, ಇಳಿಜಾರಿನ ಉದ್ದವಲ್ಲ. ಇಷ್ಟು ಕಡಿಮೆ ಓರೆಯಲ್ಲಿ ಎರಡಕ್ಕೂ ವ್ಯತ್ಯಾಸ ತೀರ ಅಲ್ಪ, ಕಡಿದಾದ ಹಲಗೆಯಲ್ಲಿ ಮಾತ್ರ ಲೆಕ್ಕ ಕೆಡುತ್ತದೆ. ಶಾಲೆಯಲ್ಲೇ ಇಳಿಜಾರಿದ್ದರೆ ಮಕ್ಕಳು ಟೇಪು ಹಿಡಿದು ಅಳೆಯಲಿ, 1:8 ಅಥವಾ 1:6 ಬಂದರೆ ಮುಖ್ಯೋಪಾಧ್ಯಾಯರಿಗೆ ಬರೆದು ಕೊಡಲಿ.